ಗಾಲ್ಫ್ ಸ್ವಿಂಗ್: ಕ್ಲಬ್ಬಿನ ಓಟಕ್ಕೆ ಕೈ ಅಡ್ಡ ಬಾರದಂತೆ ಆಡುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಎಡ, ಬಲ ಎಂದಿರುವುದೆಲ್ಲ ಬಲಗೈ ಆಟಗಾರರ ಲೆಕ್ಕದಲ್ಲಿ. ಎಡಗೈಯವರು ಅದಲುಬದಲು ಮಾಡಿಕೊಂಡು ಓದಿ. ಕ್ಲಬ್ ಎಂದರೆ ಚೆಂಡು ಹೊಡೆಯುವ ದಾಂಡು, ಸ್ವಿಂಗ್ ಎಂದರೆ ಅದನ್ನು ಬೀಸುವುದು.

ಬಲ ಹಾಕಿದಷ್ಟೂ ಚೆಂಡು ಹತ್ತಿರವೇ ಬೀಳುತ್ತದೆ. ಯಾಕೆ?

ದೂರಕ್ಕೆ ಹೊಡೆಯುವ ಕ್ಲಬ್ಬಾದ ಡ್ರೈವರ್‌ನ ತಲೆ ಸುಮಾರು 200 ಗ್ರಾಂ ತೂಗುತ್ತದೆ. ಚೆಂಡು ಹೆಚ್ಚೆಂದರೆ 45.93 ಗ್ರಾಂ, ಅದಕ್ಕಿಂತ ಭಾರದ್ದನ್ನು ನಿಯಮ ಒಪ್ಪುವುದಿಲ್ಲ. ಇವೆರಡೂ ತಾಗಿಕೊಂಡಿರುವುದು ಸುಮಾರು 0.0005 ಸೆಕೆಂಡು ಮಾತ್ರ. ತಾಗಿತು ಎಂಬುದು ನಿಮ್ಮ ಅರಿವಿಗೆ ಬರುವಷ್ಟರಲ್ಲಿ ಚೆಂಡು ಹೊರಟುಹೋಗಿರುತ್ತದೆ. ಹಾಗಾಗಿ ಕೊನೆಯ ಗಳಿಗೆಯಲ್ಲಿ ಕೈಯಿಂದ ನೂಕಿ ಏನನ್ನೂ ಸೇರಿಸಲಾಗದು. ಕ್ಲಬ್‌ಹೆಡ್ ಅಲ್ಲಿಗೆ ಬರುವ ಮೊದಲೇ ಗಳಿಸಿಕೊಂಡ ಸಂವೇಗ, ಫೇಸ್ (ತಲೆಯಲ್ಲಿ ಚೆಂಡಿಗೆ ತಾಗುವ ಮುಖ) ನೋಡುತ್ತಿರುವ ದಿಕ್ಕು, ಚೆಂಡು ಫೇಸಿನ ಯಾವ ಜಾಗಕ್ಕೆ ತಾಗಿತು ಎಂಬುದು, ಚೆಂಡಿಗೆ ಗೊತ್ತಾಗುವುದು ಇಷ್ಟೇ.

ಈ ವೇಗ ಬರುವ ಬಗೆಯನ್ನು ತಿಳಿಯಲು ಜೋಳದ ಹೊಲದಲ್ಲಿ ಹಕ್ಕಿ ಓಡಿಸುವ ಕವಣೆಯನ್ನು ನೆನೆಸಿಕೊಳ್ಳಿ. ಕೈ ತಿರುಗುವುದು ಸ್ವಲ್ಪವೇ, ಕಲ್ಲು ಹಾರುವುದು ದೂರಕ್ಕೆ. ಸ್ವಿಂಗ್‌ನಲ್ಲಿ ತೋಳು ಒಂದು ಲೋಲಕ. ಮಣಿಕಟ್ಟಿನ ಕೀಲಿನಿಂದ ತೂಗುವ ಕ್ಲಬ್ ಇನ್ನೊಂದು. ಕೆಳಗಿಳಿಯುವಾಗ ಎರಡರ ನಡುವೆ ಹೆಚ್ಚುಕಡಿಮೆ ಲಂಬಕೋನ ಇರುತ್ತದೆ. ಕೈ ಬಲತೊಡೆಯ ಹತ್ತಿರ ಬಂದಾಗ ತೋಳಿನ ಓಟ ನಿಧಾನಿಸಿ, ಅದರ ಶಕ್ತಿ ಕ್ಲಬ್ಬಿಗೆ ಹರಿಯುತ್ತದೆ. ಆಗ ಮಣಿಕಟ್ಟು ತಾನಾಗಿ ಬಿಚ್ಚಿಕೊಳ್ಳುತ್ತದೆ, ನೀವು ಬಿಚ್ಚಬೇಕಿಲ್ಲ. ಬಲ ಹಾಕಲು ಹೊರಟವರು ಮಾಡುವುದು ಎರಡು ತಪ್ಪು. ಒಂದೋ ಮಣಿಕಟ್ಟನ್ನು ಬಿಗಿಹಿಡಿದು ಎರಡು ಲೋಲಕಗಳನ್ನು ಒಂದೇ ದೊಣ್ಣೆ ಮಾಡಿಬಿಡುತ್ತಾರೆ, ಇಲ್ಲವೇ ಮೇಲಿಂದಲೇ ಮಣಿಕಟ್ಟು ಬಿಚ್ಚಿ ವೇಗವನ್ನು ಚೆಂಡಿಗೆ ಎರಡಡಿ ಹಿಂದೆಯೇ ಖರ್ಚು ಮಾಡುತ್ತಾರೆ. ಎರಡನೆಯವರಿಗೆ ಕ್ಲಬ್ ಗಾಳಿ ಸೀಳುವ ಸದ್ದು ಬಲಗಿವಿಯ ಕಡೆ ಕೇಳುತ್ತದೆ. ಆ ಸದ್ದು ಚೆಂಡು ಇರುವ ಜಾಗವನ್ನು ದಾಟಿದ ಮೇಲೆ, ಎಡಗಡೆ ಕೇಳಬೇಕು. ಕ್ಲಬ್ಬನ್ನು ತಿರುಗುಮುರುಗು ಮಾಡಿ, ತಲೆಯ ಹತ್ತಿರ ಹಿಡಿದು ಬೀಸಿದರೆ ಈ ವ್ಯತ್ಯಾಸ ಮೊದಲ ಬೀಸಿಗೇ ಗೊತ್ತಾಗುತ್ತದೆ.

ಹಾಗಾದರೆ ಕೈ ಸಡಿಲ ಬಿಟ್ಟು, ಕ್ಲಬ್ ತಾನಾಗಿ ಬೀಳಲಿ ಎಂದು ಬಿಡಬೇಕೇ?

ಬೇಡ. ಕ್ಲಬ್ಬಿನ ‘ಸಹಜ ಓಟ’ ಎಂಬ ಮಾತನ್ನು ತಪ್ಪಾಗಿ ತಿಳಿದವರು ಇಲ್ಲೇ ಎಡವುತ್ತಾರೆ. ಗಂಟೆಗೆ 150 ಕಿ.ಮೀ. ವೇಗದಲ್ಲಿ ತಿರುಗುವ ಡ್ರೈವರ್‌ನ ತಲೆ ನಿಮ್ಮ ಕೈಯನ್ನು 20 ಕಿಲೋಗೂ ಮೀರಿದ ಭಾರದಿಂದ ಹೊರಕ್ಕೆ ಎಳೆಯುತ್ತದೆ. ತುಂಬಿದ ಸಿಲಿಂಡರ್‌ನ ತೂಕದ ಹೆಚ್ಚುಕಡಿಮೆ ಮುಕ್ಕಾಲು ಪಾಲು ಅದು. ಅದನ್ನು ತಡೆದು ಹಿಡಿಯಲು ಕಾಲು, ಸೊಂಟ, ಬೆನ್ನು ಎಲ್ಲವೂ ಕೆಲಸ ಮಾಡಬೇಕು. ಲೋಲಕ ಚೆನ್ನಾಗಿ ತೂಗಬೇಕಾದರೆ ಅದನ್ನು ನೇತುಹಾಕಿದ ಮೊಳೆ ಅಲುಗಬಾರದು, ಅಲ್ಲವೇ? ಸಡಿಲವಾಗಿರಬೇಕಾದ್ದು ಮಣಿಕಟ್ಟು ಮತ್ತು ಮುಂಗೈ. ಗಟ್ಟಿಯಾಗಿರಬೇಕಾದ್ದು ನೆಲಕ್ಕೂ ನಿಮಗೂ ಇರುವ ಸಂಬಂಧ.

ಹಿಡಿತವನ್ನು ಹತ್ತರ ಅಳತೆಯಲ್ಲಿ ನಾಲ್ಕರಷ್ಟು ಬಿಗಿ ಇಟ್ಟು ಶುರು ಮಾಡಿ. ಎಳೆತ ಹೆಚ್ಚಿದಂತೆ ಬೆರಳುಗಳು ತಾವಾಗಿ ಬಿಗಿಯಾಗುತ್ತವೆ. ಶುರುವಿನಲ್ಲೇ ಎಂಟಕ್ಕೆ ಹೋದರೆ ಮುಂಗೈ ಸ್ನಾಯುಗಳು ಕಲ್ಲಾಗಿ, ಕೀಲು ತಿರುಗುವುದಿಲ್ಲ.

ಗ್ರಿಪ್ ಸರಿ ಇದೆ ಎಂದು ತಿಳಿಯುವುದು ಹೇಗೆ?

ಗ್ಲೌಸ್ ನೋಡಿ. ಅಂಗೈಯ ಬುಡದಲ್ಲಿ, ಕಿರುಬೆರಳಿನ ಕೆಳಗಿನ ದಿಂಡಿನ ಮೇಲೆ ತೂತು ಬಿದ್ದಿದ್ದರೆ ಕ್ಲಬ್ಬನ್ನು ಅಂಗೈಯಲ್ಲಿ ಹಿಡಿಯುತ್ತಿದ್ದೀರಿ, ಅದು ಪ್ರತಿ ಹೊಡೆತಕ್ಕೂ ಜಾರುತ್ತಿದೆ. ಕ್ಲಬ್ ಇರಬೇಕಾದ್ದು ಬೆರಳುಗಳಲ್ಲಿ. ಎಡಗೈಯ ತೋರುಬೆರಳಿನ ನಡುಗೆಣ್ಣಿನಿಂದ ಕಿರುಬೆರಳಿನ ಬುಡದವರೆಗೆ ಓರೆಯಾಗಿ ಇಟ್ಟು, ಬೆರಳು ಮಡಚಿ, ಆಮೇಲೆ ಅಂಗೈಯ ದಿಂಡನ್ನು ಮೇಲೆ ಕೂರಿಸಿ. ತಲೆ ಬಗ್ಗಿಸಿ ನೋಡಿದಾಗ ಎಡಗೈಯ ಎರಡು ಅಥವಾ ಎರಡೂವರೆ ಗೆಣ್ಣು ಕಾಣಬೇಕು. ಹಿಡಿತದ ಹೊಣೆ ಎಡಗೈಯ ಕೊನೆಯ ಮೂರು ಬೆರಳಿಗೆ, ಬಲಗೈಯ ನಡುವಿನ ಎರಡು ಬೆರಳಿಗೆ. ಬಲಗೈಯ ಹೆಬ್ಬೆರಳು, ತೋರುಬೆರಳು ಸುಮ್ಮನೆ ಒರಗಿಕೊಂಡಿರಲಿ. ಇವೆರಡೂ ಸೇರಿ ಚಿವುಟಿದರೆ ಬಲತೋಳು ಪೂರ್ತಿ ಬಿಗಿಯುತ್ತದೆ.

ಪರೀಕ್ಷೆ ಸುಲಭ. ಕ್ಲಬ್ಬನ್ನು ಮುಂದಕ್ಕೆ ಚಾಚಿ ತುದಿಯಿಂದ ಗಾಳಿಯಲ್ಲಿ ಪುಟ್ಟ ಸೊನ್ನೆ ಬರೆಯಿರಿ. ತಲೆಯ ಭಾರ ಬೆರಳಿಗೆ ತಿಳಿಯುತ್ತಿದ್ದರೆ ಹಿಡಿತ ಸರಿ.

ಒಂದು ಮಾತು ಕ್ಲಬ್ಬಿನ ಹಿಡಿಗೆ ಹಾಕಿರುವ ರಬ್ಬರ್ ಗ್ರಿಪ್ಪಿನ ಬಗ್ಗೆ. ಮಂಗಳೂರಿನಂಥ ಬೆವರಿಳಿಸುವ ಊರಲ್ಲಿ ಅದು ಬೇಗ ನುಣುಪಾಗುತ್ತದೆ, ನುಣುಪಾದಷ್ಟೂ ನೀವು ಗೊತ್ತಿಲ್ಲದೆಯೇ ಬಿಗಿಹಿಡಿಯುತ್ತೀರಿ. ತಿಂಗಳಿಗೊಮ್ಮೆ ಪಾತ್ರೆ ತೊಳೆಯುವ ಸೋಪು, ಉಗುರುಬೆಚ್ಚಗಿನ ನೀರು ಹಾಕಿ ಹಳೆಯ ಟೂತ್‌ಬ್ರಷ್ಷಿನಿಂದ ಉಜ್ಜಿ ನೆರಳಲ್ಲಿ ಒಣಗಿಸಿ. ವಾರಾವಾರ ಆಡುವವರು ವರ್ಷಕ್ಕೊಮ್ಮೆ ಬದಲಿಸುವುದು ಲೇಸು. ಹೊಸ ಡ್ರೈವರ್‌ಗಿಂತ ಇದು ಎಷ್ಟೋ ಅಗ್ಗ.

ಕ್ಲಬ್‌ಹೆಡ್ ತೂಗುವುದು ಅಂದರೆ ಏನೆಂದು ಕೈಗೆ ಅರ್ಥವಾಗಬೇಕು. ಏನು ಮಾಡಲಿ?

ಅರ್ನೆಸ್ಟ್ ಜೋನ್ಸ್ ಎಂಬ ಇಂಗ್ಲಿಷ್ ಆಟಗಾರ ಮೊದಲ ಮಹಾಯುದ್ಧದಲ್ಲಿ ಬಲಗಾಲನ್ನು ಮೊಣಕಾಲ ಕೆಳಗೆ ಕಳೆದುಕೊಂಡರು. ಒಂದು ಕಾಲಿನಲ್ಲೂ ಚೆಂಡು ಚೆನ್ನಾಗಿಯೇ ಹೋಗುವುದನ್ನು ಕಂಡು, ದೇಹದ ಒಂದೊಂದು ಅಂಗಕ್ಕೂ ಪಾಠ ಹೇಳುವುದಕ್ಕಿಂತ ಕ್ಲಬ್‌ಹೆಡ್ಡನ್ನು ತೂಗುವುದನ್ನು ಕಲಿಸುವುದೇ ಸರಿ ಎಂದುಕೊಂಡರು. ಮುಂದೆ ಅಮೆರಿಕಕ್ಕೆ ಹೋಗಿ ಸಾವಿರಾರು ಜನರಿಗೆ ಅದನ್ನೇ ಕಲಿಸಿದರು. ಅವರ ಪಾಠದ ಸಾಧನ ಕರವಸ್ತ್ರದ ತುದಿಗೆ ಕಟ್ಟಿದ ಪುಟ್ಟ ಚಾಕು. ಚಾಕುವಿನ ಬದಲು ಬೀಗದ ಕೈ ಗೊಂಚಲು ಕಟ್ಟಿದರೆ ಯಾರಿಗೂ ಅಪಾಯವಿಲ್ಲ.

ಕರವಸ್ತ್ರದ ಇನ್ನೊಂದು ತುದಿಯನ್ನು ಬಲಗೈಯಲ್ಲಿ ಹಿಡಿದು ಗೊಂಚಲನ್ನು ಹಿಂದಕ್ಕೂ ಮುಂದಕ್ಕೂ ತೂಗಿ. ಕೈ ಮತ್ತು ಗೊಂಚಲು ಒಟ್ಟಿಗೆ ಸಾಗುತ್ತಿದ್ದರೆ ಬಟ್ಟೆ ಸದಾ ಬಿಗಿಯಾಗಿರುತ್ತದೆ. ಈಗ ನಡುವೆ ಒಮ್ಮೆ ಕೈಯನ್ನು ಜೋರಾಗಿ ನೂಕಿ ನೋಡಿ. ಬಟ್ಟೆ ಮಡಚಿಕೊಳ್ಳುತ್ತದೆ, ಗೊಂಚಲು ಹಿಂದೆ ಬಿದ್ದು ಅಡ್ಡಾದಿಡ್ಡಿ ಕುಣಿಯುತ್ತದೆ. ಶಾಫ್ಟ್ (ಕ್ಲಬ್ಬಿನ ಉದ್ದನೆಯ ಕೋಲು) ಗಟ್ಟಿ ಇರುವುದರಿಂದ ಕ್ಲಬ್ಬಿನಲ್ಲಿ ಈ ತಪ್ಪು ಕಣ್ಣಿಗೆ ಕಾಣುವುದಿಲ್ಲ, ಚೆಂಡು ಪೊದೆಗೆ ಹೋದಾಗ ಕಾಣುತ್ತದೆ. ಇಪ್ಪತ್ತು ಸಲ ತೂಗಿ, ಆಮೇಲೆ ಒಂದು ಕೈಯಲ್ಲಿ ಗೊಂಚಲು, ಇನ್ನೊಂದರಲ್ಲಿ ವೆಡ್ಜ್ (ಹತ್ತಿರದ ಹೊಡೆತದ ಕ್ಲಬ್) ಹಿಡಿದು ಎರಡನ್ನೂ ಜೊತೆಜೊತೆಗೆ ತೂಗಿ. ಕ್ಲಬ್ ಮುಂದೆ ಓಡಿದರೆ ಅಲ್ಲಿ ನೀವು ನೂಕಿದ್ದೀರಿ.

ಸ್ವಿಂಗ್ ನಿಧಾನ ಇರಬೇಕೋ, ವೇಗವಾಗಿರಬೇಕೋ?

ಪ್ರಶ್ನೆಯೇ ಸರಿಯಿಲ್ಲ. ಕೇಳಬೇಕಾದ್ದು ಹಿಂದೆ ಹೋಗುವ ಹೊತ್ತಿಗೂ ಕೆಳಗೆ ಬರುವ ಹೊತ್ತಿಗೂ ಇರುವ ಅನುಪಾತ. ನುರಿತ ಆಟಗಾರರಲ್ಲಿ ಅದು ಹೆಚ್ಚುಕಡಿಮೆ 3:1. ಬ್ಯಾಕ್‌ಸ್ವಿಂಗ್‌ಗೆ 0.9 ಸೆಕೆಂಡ್ ಹಿಡಿದರೆ ಡೌನ್‌ಸ್ವಿಂಗ್‌ಗೆ 0.3. ಚುರುಕಿನ ಆಟಗಾರರಲ್ಲಿ 0.7 ಮತ್ತು 0.23. ಒಟ್ಟು ಹೊತ್ತು ಬದಲಾಗುತ್ತದೆ, ಅನುಪಾತ ಬಹಳ ಬದಲಾಗುವುದಿಲ್ಲ. ಹವ್ಯಾಸಿಗಳು ಹೆಚ್ಚಾಗಿ ಬ್ಯಾಕ್‌ಸ್ವಿಂಗನ್ನು ಎಳೆದೆಳೆದು, ಮೇಲಿಂದ ದಡಬಡಿಸುತ್ತಾರೆ. ‘ನಿಧಾನ, ನಿಧಾನ’ ಎಂಬ ಬಿಟ್ಟಿ ಸಲಹೆ ಇದನ್ನು ಇನ್ನಷ್ಟು ಕೆಡಿಸುತ್ತದೆ.

ಮೊಬೈಲ್‌ನಲ್ಲಿ ಸೆಕೆಂಡಿಗೆ 30 ಫ್ರೇಮಿನ ವಿಡಿಯೊ ಮಾಡಿಸಿ. ಕ್ಲಬ್ ಅಲುಗಿದ ಫ್ರೇಮಿನಿಂದ ತುತ್ತತುದಿಗೆ, ತುದಿಯಿಂದ ಚೆಂಡಿಗೆ ಎಷ್ಟೆಷ್ಟು ಎಂದು ಎಣಿಸಿ. 27ಕ್ಕೆ 9, 24ಕ್ಕೆ 8, 21ಕ್ಕೆ 7, ಇವೆಲ್ಲ ಸರಿ. 36ಕ್ಕೆ 8 ಬಂದರೆ ಹಿಂದೆ ಹೋಗುವುದನ್ನು ಚುರುಕು ಮಾಡಬೇಕು.

ಎಣಿಕೆಗೆ ತಾಳದ ಸೊಲ್ಲುಗಳನ್ನು ಬಾಯಲ್ಲಿ ಹೇಳುವ ನಮ್ಮ ಕೊನ್ನಕ್ಕೋಲು ಚೆನ್ನಾಗಿ ಒಗ್ಗುತ್ತದೆ. ‘ತ ಕ ಧಿ ಮಿ | ತ’ ಎಂದು ಸಮ ಅಂತರದಲ್ಲಿ ಹೇಳಿ. ಮೊದಲ ‘ತ’ಕ್ಕೆ ಕ್ಲಬ್ ಹೊರಡಲಿ, ‘ಮಿ’ಗೆ ಮೇಲೆ ಮುಟ್ಟಲಿ, ಮರಳಿ ಬರುವ ‘ತ’ಕ್ಕೆ ಚೆಂಡಿಗೆ ತಾಗಲಿ. ಹಿಂದಕ್ಕೆ ಮೂರು ಎಣಿಕೆ, ಕೆಳಕ್ಕೆ ಒಂದು. ಮೆಟ್ರೊನೋಮ್ ಆ್ಯಪ್‌ನಲ್ಲಿ ನಿಮಿಷಕ್ಕೆ 200 ಬಡಿತ ಇಟ್ಟರೆ 0.9 ಮತ್ತು 0.3ರ ಲೆಕ್ಕ ಸಿಗುತ್ತದೆ. ಅವಸರ ಅನ್ನಿಸುತ್ತದೆ, ಒಂದು ವಾರ ಬಿಡಬೇಡಿ. ಚಿಪ್ (ಪುಟ್ಟದಾಗಿ ಎತ್ತಿ ಹೊಡೆಯುವುದು) ಮತ್ತು ಪಟಿಂಗ್‌ಗೆ (ಚೆಂಡನ್ನು ಕುಳಿಗೆ ಉರುಳಿಸುವುದು) ಅನುಪಾತ 2:1ರ ಹತ್ತಿರ, ಹಾಗಾಗಿ ಅಲ್ಲಿಗೆ ‘ತ ಕಿ ಟ | ತ’. ‘ಟ’ಕ್ಕೆ ಹಿಂದಿನ ಕೊನೆ, ಮುಂದಿನ ‘ತ’ಕ್ಕೆ ಚೆಂಡು. ರೌಂಡ್ ಆಡುವಾಗ ಮಾತ್ರ ಆ್ಯಪ್ ಮುಚ್ಚಿಡಿ. ಲಯ ಹಿಡಿಯಲು ಸದ್ದು ಕೇಳಿಸಿಕೊಳ್ಳುವುದನ್ನು ಗಾಲ್ಫ್ ನಿಯಮ 4.3 ತಡೆಯುತ್ತದೆ. ಬಾಯಲ್ಲಿ ಗುನುಗಿಕೊಳ್ಳಲು ಅಡ್ಡಿಯಿಲ್ಲ.

ಮೇಲಿಂದ ಕೆಳಗೆ ಬರುವಾಗ ಮೊದಲು ಯಾವುದು ಅಲುಗಬೇಕು?

ಎಡಪಾದ. ಕ್ಲಬ್ ಇನ್ನೂ ಹಿಂದಕ್ಕೆ ಹೋಗುತ್ತಿರುವಾಗಲೇ ದೇಹದ ಭಾರ ಎಡಗಾಲಿಗೆ ಇಳಿಯತೊಡಗಬೇಕು. ಅದರ ಹಿಂದೆ ಸೊಂಟ, ಆಮೇಲೆ ಎದೆ, ತೋಳು, ಕೊನೆಗೆ ಕ್ಲಬ್. ಚಾಟಿಯ ಹಿಡಿ ಮೊದಲು, ತುದಿ ಕೊನೆಗೆ. ಭುಜ ಮೊದಲು ಹೊರಟರೆ ಕ್ಲಬ್ ಹೊರಗಿನಿಂದ ಒಳಕ್ಕೆ ಕೊಯ್ದುಕೊಂಡು ಬರುತ್ತದೆ. ಬಲಕ್ಕೆ ಬಾಗುವ ಸ್ಲೈಸ್‌ನ ಅರ್ಧ ಮೂಲ ಅಲ್ಲಿದೆ.

ಅಭ್ಯಾಸಕ್ಕೆ ಹೆಜ್ಜೆ ಇಡುವ ಕ್ರಮ ಒಳ್ಳೆಯದು. 7 ಐರನ್ (ನಡುದೂರದ ಕ್ಲಬ್) ಹಿಡಿದು ಎರಡೂ ಪಾದ ಜೋಡಿಸಿ ನಿಲ್ಲಿ. ಕ್ಲಬ್ ಹಿಂದಕ್ಕೆ ಹೋಗಲಿ. ಕೈ ಎದೆಯ ಮಟ್ಟ ದಾಟುತ್ತಿದ್ದಂತೆ ಎಡಪಾದವನ್ನು ಗುರಿಯ ಕಡೆ ಒಂದೂವರೆ ಗೇಣು ಎತ್ತಿಡಿ. ಪಾದ ನೆಲ ಮುಟ್ಟಿದ ಮೇಲೆ ಕ್ಲಬ್ ಬರಲಿ. ಹತ್ತು ಸಲ ಬರಿದೇ, ಹತ್ತು ಸಲ ತಗ್ಗು ಟೀ (ಚೆಂಡಿಡುವ ಪುಟ್ಟ ಗೂಟ) ಮೇಲೆ ಚೆಂಡಿಟ್ಟು, ಅರ್ಧ ವೇಗದಲ್ಲಿ. ಚೆಂಡು ಎತ್ತ ಹೋಯಿತೆಂದು ಆಗ ನೋಡಲೇಬೇಡಿ. ಹೆಜ್ಜೆ ಮತ್ತು ಕ್ಲಬ್ ಒಟ್ಟಿಗೆ ಬಂದರೆ ಅವಸರವಾಯಿತು ಎಂದರ್ಥ.

ಕ್ರಿಕೆಟ್ ಆಡಿ ಬಂದವರಿಗೆ ಬೇರೆ ತೊಂದರೆ ಇದೆಯೇ?

ಇದೆ, ಅನುಕೂಲವೂ ಇದೆ. ಕಣ್ಣು, ಸಮಯಜ್ಞಾನ, ಮುಂಗಾಲಿಗೆ ಭಾರ ಇಳಿಸುವುದು ಮೊದಲೇ ಬಂದಿರುತ್ತದೆ. ತೊಂದರೆ ಎಂದರೆ ಬ್ಯಾಟಿನ ಮುಖವನ್ನು ಗುರಿಯ ಕಡೆ ಹಿಡಿದೇ ಇಡುವ ಅಭ್ಯಾಸ. ಸ್ಟ್ರೇಟ್ ಡ್ರೈವ್‌ನಲ್ಲಿ ಅದು ಗುಣ. ಗಾಲ್ಫ್‌ನಲ್ಲಿ ಶಾಫ್ಟ್ ಓರೆ, ಕ್ಲಬ್‌ಹೆಡ್ ವೃತ್ತದಲ್ಲಿ ತಿರುಗಿ ಬರುವುದರಿಂದ ಫೇಸ್ ಕೂಡ ಜೊತೆಗೆ ತೆರೆದು ಮುಚ್ಚಬೇಕು. ಹಿಡಿದಿಟ್ಟರೆ ಚೆಂಡು ತಾಗುವಾಗ ಫೇಸ್ ಬಲಕ್ಕೆ ತೆರೆದೇ ಇರುತ್ತದೆ. ಮೊಣಕೈ ಆಕಾಶ ನೋಡುವುದೂ ಕ್ರಿಕೆಟ್ಟಿನ ಉಳಿಕೆಯೇ. ಪರಿಹಾರ ಸಣ್ಣದು: ಸೊಂಟದ ಮಟ್ಟದಿಂದ ಸೊಂಟದ ಮಟ್ಟಕ್ಕೆ ಪುಟ್ಟ ಸ್ವಿಂಗ್ ಮಾಡಿ. ಹಿಂದೆ ಶಾಫ್ಟ್ ನೆಲಕ್ಕೆ ಸಮಾಂತರವಾದಾಗ ಕ್ಲಬ್ಬಿನ ಮೂಗು (ತಲೆಯ ಹೊರತುದಿ) ಹೆಚ್ಚುಕಡಿಮೆ ಆಕಾಶಕ್ಕೆ, ಮುಂದೆಯೂ ಹಾಗೆಯೇ ಆಕಾಶಕ್ಕೆ. ದಿನಕ್ಕೆ ಮೂವತ್ತು. ಇನ್ನು ಗಾಲ್ಫ್‌ನಲ್ಲಿ ಚೆಂಡು ನಿಂತೇ ಇರುತ್ತದೆ. ಬೌಲರ್ ಇಲ್ಲ ಎಂಬುದನ್ನು ಒಪ್ಪಿಕೊಳ್ಳಲು ಕೆಲವರಿಗೆ ವರ್ಷ ಬೇಕಾಗುತ್ತದೆ!

ಸ್ಲೈಸ್ ಬಿಡುತ್ತಲೇ ಇಲ್ಲ. ಎಲ್ಲಿಂದ ಸರಿಪಡಿಸಲಿ?

ಚೆಂಡು ಯಾವ ದಿಕ್ಕಿಗೆ ಹೊರಡುತ್ತದೆ ಎಂಬುದನ್ನು ಬಹುಪಾಲು ಫೇಸ್ ತೀರ್ಮಾನಿಸುತ್ತದೆ. ಗಾಳಿಯಲ್ಲಿ ಎತ್ತ ಬಾಗುತ್ತದೆ ಎಂಬುದು ಕ್ಲಬ್ ಸಾಗಿದ ದಾರಿಗೂ ಫೇಸಿಗೂ ಇರುವ ಅಂತರದಿಂದ. ಎಡಕ್ಕೆ ಹೊರಟು ಬಲಕ್ಕೆ ಬಾಗಿದರೆ ದಾರಿ ಬಹಳ ಎಡಕ್ಕಿದೆ, ಹೆಜ್ಜೆಯ ಅಭ್ಯಾಸ ಮಾಡಿ. ಬಲಕ್ಕೇ ಹೊರಟು ಇನ್ನಷ್ಟು ಬಲಕ್ಕೆ ಬಾಗಿದರೆ ಫೇಸ್ ತೆರೆದಿದೆ, ಗ್ರಿಪ್ ನೋಡಿ, ಎಡಗೈಯನ್ನು ಇನ್ನೊಂದು ಗೆಣ್ಣು ಕಾಣುವಷ್ಟು ಬಲಕ್ಕೆ ತಿರುಗಿಸಿ.

ಇವೆರಡಕ್ಕೂ ಮೊದಲು ಡ್ರೈವರ್‌ನ ಫೇಸಿಗೆ ತೆಳ್ಳಗೆ ಟಾಲ್ಕಂ ಪೌಡರ್ ಸವರಿ ಐದು ಚೆಂಡು ಹೊಡೆಯಿರಿ. ಗುರುತು ಹಿಮ್ಮಡಿಯ ಕಡೆ, ಅಂದರೆ ಶಾಫ್ಟ್ ಕಡೆಗೆ ಬಿದ್ದಿದ್ದರೆ ಸ್ವಿಂಗ್ ಸರಿಯಿದ್ದರೂ ಚೆಂಡು ಬಲಕ್ಕೆ ಬಾಗುತ್ತದೆ. ಅರ್ಧ ಗೇಣು ದೂರ ನಿಂತರೆ ಕೆಲವೊಮ್ಮೆ ಅಷ್ಟೇ ಸಾಕಾಗುತ್ತದೆ. ಸ್ಲೈಸ್‌ಗೆ ಹೆದರಿ ಎಡಕ್ಕೆ ಗುರಿಯಿಟ್ಟು ನಿಲ್ಲುವುದು ಮಾತ್ರ ಬೇಡ, ದಾರಿ ಇನ್ನಷ್ಟು ಎಡಕ್ಕೆ ಹೋಗುತ್ತದೆ.

ಐರನ್‌ನಲ್ಲಿ ಒಮ್ಮೆ ನೆಲ ಅಗೆಯುತ್ತೇನೆ, ಇನ್ನೊಮ್ಮೆ ಚೆಂಡಿನ ತಲೆಗೆ ಹೊಡೆಯುತ್ತೇನೆ.

ಎರಡೂ ಒಂದೇ ಕಾಯಿಲೆ. ಸ್ವಿಂಗ್‌ನ ಅತಿ ಕೆಳಗಿನ ಬಿಂದು ಚೆಂಡಿನ ಹಿಂದೆ ಇದೆ. ಚೆಂಡನ್ನು ಮೇಲೆತ್ತಲು ಹೋಗಿ ಭಾರ ಬಲಗಾಲಲ್ಲೇ ಉಳಿದಾಗ ಹೀಗಾಗುತ್ತದೆ. ಎತ್ತುವ ಕೆಲಸ ಕ್ಲಬ್ಬಿನ ಓರೆಯದು, ನಿಮ್ಮದಲ್ಲ. ಒಳ್ಳೆಯ ಆಟಗಾರರಲ್ಲಿ ಆ ಬಿಂದು ಚೆಂಡಿನಿಂದ 8–10 ಸೆಂ.ಮೀ. ಮುಂದಿರುತ್ತದೆ. ಚೆಂಡು ಮೊದಲು, ಹುಲ್ಲು ಆಮೇಲೆ.

ಅಭ್ಯಾಸದ ಹುಲ್ಲಿನ ಮೇಲೆ ಸುಣ್ಣದ ಪುಡಿಯಿಂದ ಒಂದು ಮೀಟರ್ ಗೆರೆ ಎಳೆಯಿರಿ. ಗೆರೆಯೇ ಚೆಂಡು ಎಂದುಕೊಂಡು, ಗೆರೆಯುದ್ದಕ್ಕೂ ಹೆಜ್ಜೆ ಸರಿಯುತ್ತ ಹತ್ತು ಸ್ವಿಂಗ್ ಮಾಡಿ. ಡಿವಟ್ (ಕ್ಲಬ್ ಹುಲ್ಲು ಅಗೆದ ಗುರುತು) ಗೆರೆಯಿಂದ ಶುರುವಾಗಿ ಗುರಿಯ ಕಡೆಗೆ ಇರಬೇಕು. ಹತ್ತರಲ್ಲಿ ಏಳು ಸರಿಬಂದ ಮೇಲೆ ಚೆಂಡು ಇಡಿ. ಮುಗಿದಾಗ ಬಲಪಾದದ ತುದಿಬೆರಳು ಮಾತ್ರ ನೆಲದ ಮೇಲಿದ್ದು, ಅದನ್ನು ಎತ್ತಿದರೂ ಬೀಳದೆ ಮೂರು ಸೆಕೆಂಡು ನಿಲ್ಲಬೇಕು.

ರೇಂಜ್‌ನ (ಅಭ್ಯಾಸದ ಮೈದಾನದ) ಮ್ಯಾಟ್ ನಂಬಬೇಡಿ. ಚೆಂಡಿನ ಹಿಂದೆ ಬಡಿದರೂ ಕ್ಲಬ್ ಮ್ಯಾಟ್ ಮೇಲೆ ಜಾರಿ ಚೆಂಡಿಗೆ ತಾಗಿ, ಹೊಡೆತ ಚೆನ್ನಾಗಿದೆ ಎಂಬ ಭ್ರಮೆ ಹುಟ್ಟಿಸುತ್ತದೆ. ಜುಲೈನ ಮಳೆಯಲ್ಲಿ ನೆಂದ ಫೇರ್‌ವೇ ಮೇಲೆ ಅದೇ ಹೊಡೆತ ಮೂವತ್ತು ಗಜ ಹೋಗಿ ನಿಲ್ಲುತ್ತದೆ. ಮ್ಯಾಟ್ ಮೇಲೆ ಆಡಲೇಬೇಕಿದ್ದರೆ ಚೆಂಡಿನ 12 ಸೆಂ.ಮೀ. ಹಿಂದೆ ಮಡಚಿದ ಟವೆಲ್ ಇಡಿ.

ವೆಡ್ಜ್‌ನಲ್ಲಿ 40, 60, 80 ಗಜ ಎಂದು ಅಳೆದು ಹೊಡೆಯುವುದು ಹೇಗೆ?

ಬಲ ಬದಲಿಸಬೇಡಿ, ಉದ್ದ ಬದಲಿಸಿ. ಜೋಕಾಲಿಯನ್ನು ಎಷ್ಟು ಹಿಂದಕ್ಕೆಳೆದು ಬಿಟ್ಟರೆ ಅಷ್ಟು ಮುಂದಕ್ಕೆ ಹೋಗುತ್ತದೆ, ಅದೇ ಲೆಕ್ಕ. ಎಡತೋಳನ್ನು ಗಡಿಯಾರದ ಮುಳ್ಳು ಎಂದುಕೊಂಡು, ಎದುರಿಗೆ ನಿಂತು ನೋಡುವವರ ಕಣ್ಣಿಗೆ ಏಳೂವರೆ, ಒಂಬತ್ತು, ಹತ್ತೂವರೆ ಗಂಟೆ, ಹೀಗೆ ಮೂರು ಉದ್ದ ಗೊತ್ತುಮಾಡಿ. ಲಯ ಮೂರಕ್ಕೂ ಒಂದೇ.

56 ಡಿಗ್ರಿ ಓರೆಯ ವೆಡ್ಜ್‌ನಲ್ಲಿ ಒಂದೊಂದು ಉದ್ದಕ್ಕೆ ಹತ್ತು ಚೆಂಡು ಹೊಡೆಯಿರಿ. ಬಿದ್ದ ಜಾಗಕ್ಕೆ ದೂರ ಅಳೆಯಿರಿ, ಉರುಳಿದ ಜಾಗಕ್ಕಲ್ಲ. ಅತಿ ದೂರದ ಎರಡು, ಅತಿ ಹತ್ತಿರದ ಎರಡು ಬಿಟ್ಟು ಉಳಿದ ಆರರ ಸರಾಸರಿ ಬರೆದಿಡಿ. 52 ಡಿಗ್ರಿಗೂ ಪಿಚಿಂಗ್ ವೆಡ್ಜ್‌ಗೂ ಹೀಗೆ ಮಾಡಿದರೆ ಒಂಬತ್ತು ದೂರಗಳ ಪಟ್ಟಿ ಸಿದ್ಧ. ಬೇರೆಯವರ ಪಟ್ಟಿ ನಿಮಗೆ ಕೆಲಸಕ್ಕೆ ಬಾರದು.

ಇಲ್ಲಿ ಆಗುವ ಅನಾಹುತ ಒಂದೇ. ಕ್ಲಬ್ ತುಂಬಾ ಹಿಂದೆ ಹೋಗಿರುತ್ತದೆ, ಅಯ್ಯೋ ಜಾಸ್ತಿಯಾಯಿತು ಎಂದು ಕೆಳಗೆ ಬರುವಾಗ ಬ್ರೇಕ್ ಹಾಕುತ್ತೀರಿ. ಕೈ ನಿಂತಾಗ ಕ್ಲಬ್ ಮುಂದೆ ಓಡಿ ನೆಲಕ್ಕೆ ಕುಕ್ಕುತ್ತದೆ. ಹಿಂದಿನಷ್ಟೇ ಉದ್ದ ಮುಂದೆಯೂ ಇರಲಿ, ಬೇಕಾದರೆ ಒಂದು ಗೇಣು ಹೆಚ್ಚೇ ಇರಲಿ.

ಪಟಿಂಗ್‌ಗೂ ಇದೇ ತತ್ವವೇ?

ಇನ್ನೂ ಹೆಚ್ಚಾಗಿ. ಪಟರ್‌ನ ತಲೆ ಸುಮಾರು 350 ಗ್ರಾಂ, ಅಷ್ಟು ಭಾರ ಕೊಟ್ಟಿರುವುದೇ ತಾನಾಗಿ ತೂಗಲಿ ಎಂದು. ಮಣಿಕಟ್ಟು ಇಲ್ಲಿ ಅಲುಗಬಾರದು, ಭುಜದಿಂದ ತೂಗಬೇಕು. ಎರಡು ಟೀಗಳನ್ನು ಪಟರ್‌ಗಿಂತ ಒಂದು ಬೆರಳಗಲ ಹೆಚ್ಚು ಅಂತರದಲ್ಲಿ ನೆಟ್ಟು ನಡುವೆ ತೂಗಿ. ಬೆಂಗಳೂರಿನ ಗಾಲ್ಫ್ ಆಟಗಾರ್ತಿ ಅದಿತಿ ಅಶೋಕ್ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಒಂದೇ ಒಂದು ಸ್ಟ್ರೋಕ್‌ನಿಂದ ಪದಕ ತಪ್ಪಿಸಿಕೊಂಡು ನಾಲ್ಕನೆಯವರಾದರು. ಡ್ರೈವರ್‌ನಲ್ಲಿ ಎದುರಾಳಿಗಳಿಗಿಂತ ಬಹಳ ಹಿಂದಿದ್ದ ಅವರನ್ನು ಅಲ್ಲಿಯವರೆಗೆ ಒಯ್ದದ್ದು ಪಟರ್.

ಊರು ಬದಲಾದರೆ ದೂರ ಬದಲಾಗುತ್ತದೆಯೇ?

ಹೌದು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ತೆಳುಗಾಳಿಯಲ್ಲಿ ಚೆಂಡು ನೂರಕ್ಕೆ ಮೂರರಷ್ಟು ಹೆಚ್ಚು ಹೋಗುತ್ತದೆ. 150 ಗಜದ ಕ್ಲಬ್ ಕರಾವಳಿಯ ಮಂಗಳೂರಿನ ಪಿಲಿಕುಳದಲ್ಲಿ 145 ಗಜಕ್ಕೆ ನಿಂತರೆ ಸ್ವಿಂಗ್ ಕೆಟ್ಟಿತೆಂದು ಹೆದರಬೇಡಿ. ಎದುರುಗಾಳಿಯಿದ್ದರೆ ಒಂದೋ ಎರಡೋ ಮೆಟ್ಟಿಲು ಹೆಚ್ಚು ದೂರ ಹೊಡೆಯುವ ಕ್ಲಬ್ ಹಿಡಿದು, ಮುಕ್ಕಾಲು ಸ್ವಿಂಗ್ ಮಾಡಿ. ಜೋರಾಗಿ ಹೊಡೆದಷ್ಟೂ ಹಿಂಸುತ್ತು (ಬ್ಯಾಕ್‌ಸ್ಪಿನ್) ಹೆಚ್ಚಿ ಚೆಂಡು ಮೇಲೇರಿ ಅಲ್ಲೇ ಬೀಳುತ್ತದೆ.

ಮಕ್ಕಳಿಗೆ ನಮ್ಮ ಹಳೆಯ ಕ್ಲಬ್ ಕತ್ತರಿಸಿ ಕೊಡಬಹುದೇ?

ಬೇಡ. ಶಾಫ್ಟ್ ಗಿಡ್ಡವಾಗುತ್ತದೆ, ತಲೆ ಅಷ್ಟೇ ಭಾರ ಉಳಿಯುತ್ತದೆ, ಶಾಫ್ಟ್ ಮೊದಲಿಗಿಂತ ಪೆಡಸಾಗುತ್ತದೆ. ಮಗು ಕ್ಲಬ್ ತೂಗುವ ಬದಲು ಕ್ಲಬ್ಬೇ ಮಗುವನ್ನು ತೂಗುತ್ತದೆ. ಮಕ್ಕಳ ಅಳತೆಯ ಹಗುರ ಕ್ಲಬ್ ಎರಡು ಇದ್ದರೂ ಸಾಕು.

ಒಂದು ಬುಟ್ಟಿ ಚೆಂಡನ್ನು ಹೇಗೆ ಬಳಸಲಿ?

ಅರವತ್ತು ಚೆಂಡು ಇದ್ದರೆ ಮೊದಲ ಹದಿನೈದು ವೆಡ್ಜ್‌ಗೆ, ಸೊಂಟದ ಮಟ್ಟದ ಸ್ವಿಂಗ್‌ನಲ್ಲಿ. ಮುಂದಿನ ಇಪ್ಪತ್ತು 7 ಐರನ್‌ಗೆ, ತಕಧಿಮಿ ಎಣಿಸುತ್ತ. ಡ್ರೈವರ್‌ಗೆ ಹತ್ತಕ್ಕಿಂತ ಹೆಚ್ಚು ಬೇಡ. ಉಳಿದವನ್ನು ಪ್ರತಿ ಹೊಡೆತಕ್ಕೂ ಕ್ಲಬ್, ಗುರಿ ಎರಡನ್ನೂ ಬದಲಿಸಿ ಹೊಡೆಯಿರಿ. ಎರಡು ಚೆಂಡಿನ ನಡುವೆ ಅರ್ಧ ನಿಮಿಷವಾದರೂ ಬಿಡುವಿರಲಿ. ಮೊಣಕೈಯ ಒಳಮಗ್ಗುಲು ನೋಯತೊಡಗಿದರೆ ಅಲ್ಲಿಗೇ ನಿಲ್ಲಿಸಿ. ಗಟ್ಟಿ ಮ್ಯಾಟ್ ಮೇಲೆ ನೂರಾರು ಚೆಂಡು ಬಡಿದವರಿಗೆ ಬರುವ ನೋವು ಅದು, ತಿಂಗಳುಗಟ್ಟಲೆ ಕಾಡುತ್ತದೆ.

ರೇಂಜ್‌ಗೆ ಹೋಗಲು ಆಗದ ದಿನ ಮನೆಯಲ್ಲಿ ಏನು ಮಾಡಬಹುದು?

ತಾರಸಿಯ ಮೇಲೆ ಸ್ನಾನದ ಟವೆಲ್ಲಿನ ಒಂದು ತುದಿಗೆ ಗಂಟು ಹಾಕಿ, ಇನ್ನೊಂದನ್ನು ಗ್ರಿಪ್‌ನಂತೆ ಹಿಡಿದು ಬೀಸಿ. ಮೇಲೆ ಹೋದಾಗ ಗಂಟು ಬೆನ್ನಿಗೆ ತಾಗುವವರೆಗೆ ಕಾಯಬೇಕು, ತಾಗಿದ ಮೇಲೆ ಕೆಳಗೆ ಬರಬೇಕು. ಅವಸರ ಮಾಡಿದರೆ ಟವೆಲ್ ಮುದುಡಿಕೊಂಡು ನಿಮ್ಮ ಕುತ್ತಿಗೆಗೇ ಸುತ್ತಿಕೊಳ್ಳುತ್ತದೆ. ದಿನಕ್ಕೆ ಐವತ್ತು ಸಲ, ಎರಡು ಕಂತಿನಲ್ಲಿ. ಒಳಗೆ ಹಾಲ್‌ನಲ್ಲಿ ಕ್ಲಬ್ ಬೀಸುವ ಯೋಚನೆಯಿದ್ದರೆ ಮೊದಲು ತಲೆಯೆತ್ತಿ ಫ್ಯಾನ್ ಎಲ್ಲಿದೆ ನೋಡಿಕೊಳ್ಳಿ.